ತಕರಾರಿಲ್ಲದ ಕೇಸು

ಮುನವಳ್ಳಿಯ ಸೈದಾಬಿಗೆ ಜಗಳ ಹೊಸದಲ್ಲ. ಸಿಲಿಂಡರು ತಡವಾದರೆ ಗ್ಯಾಸಿನವನ ಜೊತೆ, ನಳದ ನೀರು ಕೆಂಪಗೆ ಬಂದರೆ ಪುರಸಭೆಯವರ ಜೊತೆ, ಒಂದು ಫರ್ಲಾಂಗು ಮುಂದೆ ಇಳಿಸಿದರೆ ಕಂಡಕ್ಟರನ ಜೊತೆ. ಗಂಡ ಹಜರತಸಾಬ ಇದಕ್ಕೆ ತೀರ ವಿರುದ್ಧ. ಹತ್ತಿ ಹಿಂಜಿ ಗಾದಿ ಹೊಲಿಯುವ ಅಂಗಡಿ ಅವನದು. ಹೊರಗೆ ಹೆಂಡತಿಯ ದನಿ ಏರಿದಾಗಲೆಲ್ಲ ಹಿಂಜುವ ಬಿಲ್ಲನ್ನು ಇನ್ನಷ್ಟು ಜೋರಾಗಿ ಮಿಡಿಯುತ್ತಿದ್ದ, ಅಷ್ಟೇ.

ಇಡೀ ಊರಿನಲ್ಲಿ ಸೈದಾಬಿ ಜಗಳವಾಡದೆ ಉಳಿಸಿದ್ದ ಜೀವ ಒಂದೇ, ನಾದಿನಿ ನಾಜಿಮಾ. ರಾಮದುರ್ಗದಲ್ಲಿ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದು ನೆಲೆಸಿದವಳು. ಒಬ್ಬಳು ಗವಸು ಹೊಲಿದರೆ ಇನ್ನೊಬ್ಬಳು ಹತ್ತಿ ತುಂಬಿ ಟಾಕಾ ಹಾಕುತ್ತಿದ್ದಳು. ದಿನವಿಡೀ ಇಬ್ಬರೂ ಒಂದೇ ಗಾದಿಯ ಎರಡು ತುದಿಗೆ ಕುಳಿತು ಮಾತಾಡದೆಯೂ ಮಾತಾಡಿಕೊಳ್ಳುತ್ತಿದ್ದರು.

ಒಂದು ಚಳಿಗಾಲದಲ್ಲಿ, ಯಾರದೋ ಮದುವೆಯ ಗಾದಿ ಅರ್ಧ ತುಂಬಿರುವಾಗಲೇ, ಹಜರತಸಾಬ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಬ್ಯಾಂಕಿನಲ್ಲಿ ಅವನ ಹೆಸರಿನಲ್ಲೊಂದು ಠೇವಣಿ ಇತ್ತು. ಅದಕ್ಕೆ ನಾಮಿನಿ ಅವನ ತಾಯಿ. ಆಕೆ ಮಗನಿಗಿಂತ ಮೊದಲೇ ತೀರಿಕೊಂಡಿದ್ದಳು.

"ನಾಮಿನಿನ್ನ ಕರಕೊಂಡ ಬರ್ರಿ" ಎಂದ ಬ್ಯಾಂಕಿನವನು.

"ಖಬರಸ್ತಾನದಾಗ ಅದಾಳ್ರಿ. ನೀವ ಬರ್ರಿ, ಭೆಟ್ಟಿ ಮಾಡಸ್ತೇನಿ."

ಆತ ನಗಲಿಲ್ಲ. ಕೋರ್ಟಿನಿಂದ ವಾರಸಾ ಸರ್ಟಿಫಿಕೇಟು ತನ್ನಿ ಎಂದು ಹೇಳಿ ಮುಂದಿನವರನ್ನು ಕರೆದ.

ಅತ್ತಿಗೆ ನಾದಿನಿ ಇಬ್ಬರೂ ಕೂಡಿ ತಾಲೂಕಿಗೆ ಹೋಗಿ ಬಸಯ್ಯ ವಕೀಲರ ಮುಂದೆ ಕುಳಿತರು. ಬಸಯ್ಯನವರು ಕೋರ್ಟಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಎಲ್ಲ ಕೇಳಿ ಖುಷಿಯಾದರು.

"ಭಾಳ ಸರಳ ಕೇಸ್ ಐತಿ. ಯಾರದೂ ತಕರಾರಿಲ್ಲ. ಈಗ ಎದುರುದಾರ ಯಾರನ್ನ ಮಾಡೂಣು?"

"ತಕರಾರನ ಇಲ್ಲಂದಮ್ಯಾಲ ಎದುರುದಾರ ಯಾಕ ಬೇಕ್ರಿ?" ಎಂದಳು ಸೈದಾಬಿ.

"ಹುಚ್ಚವ್ವಾ, ನನಗ ತಕರಾರಿಲ್ಲ ಅಂತ ಕೋರ್ಟಿಗೆ ಬಂದ ಹೇಳಾಕ ಒಬ್ಬರ ಎದುರುದಾರ ಬೇಕಲ್ಲ!"

ನಾಜಿಮಾ ತಾನೇ ಆಗುತ್ತೇನೆ ಎಂದಳು, ಬಸ್ಸಿನಲ್ಲಿ ಯಾರಿಗೋ ಸೀಟು ಬಿಟ್ಟುಕೊಟ್ಟಷ್ಟು ಹಗುರಾಗಿ. ವಕೀಲರು ಬರೆದುಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದರು. "ಹಂಗ ನೋಡಿದ್ರ ನಿಮ್ಮ ಕಾಯದೆದಾಗ ಮಕ್ಕಳಿಲ್ಲದಾವನ ಹೆಂಡತಿಗೆ ನಾಲ್ಕರಾಗ ಒಂದ ಪಾಲು. ಉಳದದ್ದು ತಂಗೀಗೆ. ಇರಲಿ, ಆಕಿ ಒಪ್ಪಿಗಿ ಕೊಟ್ಟರ ಮುಗೀತು."

ಕೆಲವು ವಾರಗಳ ಮೇಲೆ ಕೋರ್ಟಿನ ಬೇಲಿಫ್ ನೋಟೀಸು ಹಿಡಿದು ಓಣಿಗೆ ಬಂದ. ಇಬ್ಬರೂ ಕಟ್ಟೆಯ ಮೇಲೆ ಒಂದೇ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದರು.

"ಎದುರುದಾರಳ ಮನಿ ಯಾವುದ್ರಿ?"

"ಇದ ರೀ" ಎಂದಳು ನಾಜಿಮಾ.

"ಅರ್ಜಿದಾರಳ ಮನಿ?"

"ಅದೂ ಇದ" ಎಂದಳು ಸೈದಾಬಿ. "ಕೂಡ್ರಿ, ರೊಟ್ಟಿ ತಿನ್ರಿ."

ಬೇಲಿಫ್ ತಿನ್ನಲಿಲ್ಲ. ಎರಡೂ ಪಕ್ಷದವರ ಮನೆಯಲ್ಲಿ ಒಮ್ಮೆಲೇ ಉಂಡರೆ ನಿಯಮಕ್ಕೆ ಬರುತ್ತದೋ ಇಲ್ಲವೋ ಎಂದು ಅನುಮಾನಿಸಿದನೇನೋ. ಸಹಿ ಮಾಡಿಸಿಕೊಂಡು ಹೋದ. ಎದುರು ಮನೆಯ ಸೋಮವ್ವ ಮಾತ್ರ ಹೊಸ್ತಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಮರುವಾರ ಕೋರ್ಟಿನ ಪ್ರಕಟಣೆ ಪೇಪರಿನಲ್ಲಿ ಬಂತು. ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು, ನಡುವೆ 'ವಿರುದ್ಧ'. ಓಣಿಗೆ ಇನ್ನೇನು ಬೇಕು?

ಕಿರಾಣಿ ಅಂಗಡಿಯಲ್ಲಿ ಎರಡು ಪಾರ್ಟಿಯಾದವು. ಸೈದಾಬಿಯ ನಾಲಿಗೆಗೆ ಹೆದರಿದವರೆಲ್ಲ ನಾಜಿಮಾಳ ಕಡೆ. ನಾಜಿಮಾ ಹೊರಗಿನಿಂದ ಬಂದವಳು ಎನ್ನುವವರು ಸೈದಾಬಿಯ ಕಡೆ. ಯಾರೂ ಕರೆಯದಿದ್ದರೂ ಮೂವರು ಸಾಕ್ಷಿ ಹೇಳಲು ತಯಾರಾದರು. ಅವರಲ್ಲೊಬ್ಬನಿಗೆ ಹಜರತಸಾಬನ ಮುಖವೇ ಸರಿಯಾಗಿ ನೆನಪಿರಲಿಲ್ಲ.

ಸೋಮವ್ವ ಒಂದು ಮಧ್ಯಾಹ್ನ ಬಂದು ಸೈದಾಬಿಯ ಪಕ್ಕ ಕುಳಿತಳು. "ಆಕೀದ ದೊಡ್ಡ ಪಾಲಂತ? ಕೋರ್ಟಿನ್ಯಾಗ ಹೋಗಿ ಬ್ಯಾರೇ ಮಾತಾಡಿದ್ರ ಏನ ಮಾಡ್ತಿ? ಹೊಟ್ಟಿ ಒಳಗ ಏನ ಐತೋ ಯಾರಿಗೆ ಗೊತ್ತ, ಬೇ."

"ನಿನ್ನ ಹೊಟ್ಟ್ಯಾಗ ಏನೈತಿ ಅದನ್ನ ಹೇಳ ಮೊದಲ" ಎಂದು ಸೈದಾಬಿ ಅವಳನ್ನು ಎಬ್ಬಿಸಿ ಕಳಿಸಿದಳು. ಆದರೆ ಮಾತು ಹೋಗಲಿಲ್ಲ. ಅಂದು ರೊಟ್ಟಿ ಬಡಿಯುತ್ತ ನಾದಿನಿಯ ಬೆನ್ನನ್ನೇ ನೋಡಿದಳು. ಇವಳು ಯಾಕೆ ಇಷ್ಟು ಸುಮ್ಮನಿದ್ದಾಳೆ? ನಾಜಿಮಾ ಹುಟ್ಟಿದಾಗಿನಿಂದಲೂ ಸುಮ್ಮನಿದ್ದವಳು. ಈಗ ಮಾತ್ರ ಆ ಸುಮ್ಮನಿರುವಿಕೆಗೆ ಅರ್ಥ ಹುಟ್ಟಿಕೊಂಡಿತು. ಮಾತು ಕಡಿಮೆಯಾಯಿತು. ವಿಚಾರಣೆಯ ದಿನ ಬಸ್ಸಿನಲ್ಲಿ ಇಬ್ಬರಿಗೂ ಸಾಲುವ ಸೀಟು ಖಾಲಿಯಿದ್ದರೂ ಸೈದಾಬಿ ಹಿಂದೆ ಹೋಗಿ ಕುಳಿತಳು. ನಾಜಿಮಾ ಒಮ್ಮೆ ಹೊರಳಿ ನೋಡಿ ಕಿಟಕಿಯ ಕಡೆ ಮುಖ ಮಾಡಿದಳು.

ಕೋರ್ಟಿನ ಅಂಗಳದಲ್ಲಿ ಬಸಯ್ಯನವರು ನಾಜಿಮಾಳಿಗೆ ಪಾಠ ಹೇಳಿಕೊಟ್ಟರು. "ಮೇಡಮ್ಮಾರು ತಕರಾರ ಐತೇನು ಅಂತ ಕೇಳ್ತಾರ. ನೀ 'ಇಲ್ರಿ' ಅನ್ನು. ಅಷ್ಟ. ಬ್ಯಾರೇ ಒಂದ ಅಕ್ಷರ ಬ್ಯಾಡ."

ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು, ದಕ್ಷಿಣದ ಕಡೆಯವರು. ಹೆಸರು ಕೂಗಿದರು. ನಾಜಿಮಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಿಂತಳು.

"ಅರ್ಜಿದಾರರಿಗೆ ಸರ್ಟಿಫಿಕೇಟ್ ಕೊಡೋಕೆ ನಿಮ್ಮ ತಕರಾರು ಏನಾದ್ರೂ ಇದೆಯಾ?"

"ಐತ್ರಿ."

ಬಸಯ್ಯನವರ ಕೈಯಲ್ಲಿದ್ದ ಫೈಲು ಅರ್ಧಕ್ಕೆ ನಿಂತಿತು. ಬೆರಳಚ್ಚುಗಾರ ಟಪ್ಪೆಂದು 'ತಕರಾರಿದೆ' ಎಂದು ಹೊಡೆದುಬಿಟ್ಟ. ಹಿಂದೆ ಕುಳಿತಿದ್ದ ಸೈದಾಬಿಗೆ ಸೋಮವ್ವನ ಮುಖ ಕಣ್ಣ ಮುಂದೆ ಬಂತು.

"ಏನು ತಕರಾರು, ಹೇಳಿ."

"ನನ್ನ ಎದುರುದಾರಳು ಅಂತ ಬರದಾರ್ರಿ. ನಾ ಭಾಬೀಗೆ ಎದುರ ಅಲ್ರಿ. ಆ ಮಾತ ಹೊಡದ ಹಾಕ್ರಿ."

"ಅದು ಬರೀ ಕೋರ್ಟಿನ ಪದ, ಅಮ್ಮ. ವೈರಿ ಅಂತ ಅರ್ಥ ಅಲ್ಲ."

"ನಿಮಗ ಅಲ್ರಿ. ನಮ್ಮ ಓಣ್ಯಾಗ ಹಂಗ ಆಗೇತ್ರಿ. ಭಾಬಿ ನನ್ನ ಕೂಡ ಬಸ್ಸಿನ್ಯಾಗ ಕುಂದ್ರೂದ ಬಿಟ್ಟಾಳ್ರಿ."

ಕಪ್ಪು ಕೋಟಿನವರು ನಕ್ಕರು. ನ್ಯಾಯಾಧೀಶೆ ನಗಲಿಲ್ಲ. ಆದರೆ ತಕರಾರು ದಾಖಲಾಗಿತ್ತು. ದಾಖಲಾದ ತಕರಾರನ್ನು ಲಿಖಿತವಾಗಿ ಕೊಡಬೇಕು, ಅದಕ್ಕೆ ಅರ್ಜಿದಾರಳು ಉತ್ತರಿಸಬೇಕು. ತಾನು ಎದುರುದಾರಳಲ್ಲ ಎಂದು ಹೇಳಿದ ತಪ್ಪಿಗೆ ನಾಜಿಮಾ ಈಗ ನಿಜವಾದ ಎದುರುದಾರಳಾದಳು. ಮುಂದಿನ ತಾರೀಖು ಬಿತ್ತು.

ಹೊರಗೆ ಬೇವಿನ ಮರದ ಕೆಳಗೆ ಸೈದಾಬಿ ನಾದಿನಿಯ ಕೈ ಹಿಡಿದು ನಿಲ್ಲಿಸಿದಳು. ಒಳಗೆ ಅಷ್ಟು ಜನರ ಮುಂದೆ ಅವಳ ಬಾಯಿ ಕಟ್ಟಿದ್ದು ಅದೇ ಮೊದಲು.

"ನಾಜಿಮಾ, ದೊಡ್ಡ ಪಾಲ ನಿಂದಂತ ಗೊತ್ತಿತ್ತಿಲ್ಲೋ ನಿನಗ?"

"ವಕೀಲರ ಮುಂದ ನಾನೂ ಕುಂತಿದ್ನೆಲ್ಲ, ಭಾಬಿ."

"ಮತ್ತ?"

"ಮತ್ತೇನು? ಪಾಲ ತಗೊಂಡ ಹೋಗಿ ಯಾರ ಕೂಡ ಗಾದಿ ಹೊಲೀಲಿ?"

ಸೈದಾಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾ, ಚಾ ಕುಡಿಯೂಣು" ಎಂದಳು. ಅಂದು ವಾಪಸು ಹೋಗುವ ಬಸ್ಸು ತುಂಬಿತ್ತು. ಇಬ್ಬರೂ ನಿಂತೇ ಹೋದರು, ಒಂದೇ ಕಂಬಿ ಹಿಡಿದು.

ಮುಂದಿನ ತಾರೀಖಿಗೆ ಮೇಡಮ್ಮಾರಿಗೆ ರಜೆ. ಅದರ ಮುಂದಿನದಕ್ಕೆ ವಕೀಲರ ಬಹಿಷ್ಕಾರ. ಯಾತರ ಸಲುವಾಗಿ ಎಂದು ಬಸಯ್ಯನವರಿಗೂ ಪೂರ್ತಿ ಗೊತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಕೇಸು ಮತ್ತೆ ಮೇಜಿಗೆ ಬಂತು. ನ್ಯಾಯಾಧೀಶೆ ಫೈಲು ತಿರುವಿ, "ವಕೀಲರೇ, ಇಬ್ಬರನ್ನೂ ಅರ್ಜಿದಾರರು ಅಂತ ಸೇರಿಸಿ ತಿದ್ದುಪಡಿ ಕೊಡಬಹುದಿತ್ತಲ್ಲ?" ಎಂದರು.

"ಕೊಡಾಕ ಬರತೈತ್ರಿ" ಎಂದರು ಬಸಯ್ಯನವರು ತಣ್ಣಗೆ.

ಹೊರಗೆ ಬಂದದ್ದೇ ಸೈದಾಬಿಗೆ ಬಾಯಿ ವಾಪಸು ಬಂತು. "ಬರತಿತ್ತಂದ್ರ ಮೊದಲ ಯಾಕ ಮಾಡಲಿಲ್ರಿ?"

"ರೂಢಿ, ತಾಯಿ. ನಮ್ಮ ಗುರುಗಳ ಕಾಲದಿಂದ ಎದುರುದಾರನ್ನ ಹಾಕೋತ ಬಂದೇವಿ."

ಆಮೇಲೆ ಅವಳು ಆಡಿದ ಮಾತು ಕೇಳಲು ಚಹಾ ಅಂಗಡಿಯವನೂ ಒಲೆ ಬಿಟ್ಟು ಬಂದ. ಬಸಯ್ಯನವರು ತಿದ್ದುಪಡಿಗೆ ಬೇರೆ ಫೀ ಕೇಳಲಿಲ್ಲ.

ಸರ್ಟಿಫಿಕೇಟು ಇಬ್ಬರ ಹೆಸರಿನಲ್ಲಿ ಬಂತು. ಬ್ಯಾಂಕು ಹಣ ಕೊಟ್ಟಿತು. ಇಬ್ಬರೂ ಬೈಲಹೊಂಗಲಕ್ಕೆ ಹೋಗಿ ಮೋಟರಿನ ಮೇಲೆ ನಡೆಯುವ ಹತ್ತಿ ಹಿಂಜುವ ಯಂತ್ರ ಕೊಂಡು, ಟೆಂಪೋದಲ್ಲಿ ಅದರ ಆಚೆ ಈಚೆ ಕುಳಿತು ತಂದರು. ಮುಚ್ಚಿದ್ದ ಅಂಗಡಿಯ ಬಾಗಿಲು ಮತ್ತೆ ತೆಗೆದ ವಾರವೇ ಸೋಮವ್ವ ಮೊಮ್ಮಗಳ ಮದುವೆಗೆಂದು ಗಾದಿ ಹೇಳಲು ಬಂದಳು. ಹತ್ತಿ ಹಾರಾಡುವಲ್ಲಿ ಮೂಗು ಮುಚ್ಚಿಕೊಂಡು, ಇಬ್ಬರನ್ನೂ ಒಮ್ಮೆ ನೋಡಿ, ಕಡೆಗೆ ಕೇಳಿದಳು: "ಅಂತೂ ಯಾರ ಗೆದ್ರಬೇ?"

ಯಂತ್ರದ ಸದ್ದಿನಲ್ಲಿ ನಾಜಿಮಾಳಿಗೆ ಕೇಳಿಸಲಿಲ್ಲ. ಸೈದಾಬಿ ಸೂಜಿಗೆ ದಾರ ಪೋಣಿಸುತ್ತ, "ಗಾದಿ ಡಬಲ್ ಬೇಕೋ ಸಿಂಗಲ್ ಬೇಕೋ, ಅದನ್ನ ಹೇಳ" ಎಂದಳು.