ಬರೀ ಹೆಸರು ಹಿಡಿದು ಕರೆದರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಪಾಂಡವಪುರದಲ್ಲಿ ನನ್ನ ಹತ್ತಿರ ಕಂಪ್ಯೂಟರ್ ಕಲಿತವರೆಲ್ಲ ಹೇಳುತ್ತಾರೆ. ಸುಳ್ಳಲ್ಲ ಬಿಡಿ. ದೇವಲಾಪುರದ ಕಡೆ ಹೊಲದಲ್ಲಿ ಎತ್ತು ಹೊಡೆದು ಬೆಳೆದವನು ನಾನು, ಬಾಯಿ ಜೋರು. ಆ ಬಾಯಿ ಕಟ್ಟಿಹೋದದ್ದು ಒಬ್ಬರ ಮುಂದೆ ಮಾತ್ರ. ಅವರು ಗಂಜಾಂನ ಐನೋರು.

ನಲವತ್ತು ದಾಟಿದ ಅರ್ಚಕರು. ಹೊಳೆದಂಡೆಯ ಗುಡಿಯಲ್ಲಿ ಬೆಳಗಿಂದ ಸಂಜೆವರೆಗೆ ಮಂತ್ರ ಹೇಳಿ ಹೇಳಿ ಗಂಟಲು ಕೆಟ್ಟು, ಆಪರೇಷನ್ ಆಗಿತ್ತು. ಇನ್ನೂ ಮಂತ್ರ ಹೇಳಿಕೊಂಡು ಕೂತರೆ ಉಳಿದಿರುವ ದನಿಯೂ ಹೋಗುತ್ತದೆ ಅಂದಿದ್ದರು ಡಾಕ್ಟರು. ಗುಡಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸವೊಂದು ಖಾಲಿಯಿತ್ತು. ಸರ್ಟಿಫಿಕೇಟ್ ತಂದರೆ ಅದು ನಿಮಗೇ ಅಂತ ಮೇಲಿನವರು ಮಾತು ಕೊಟ್ಟಿದ್ದರು. ಅದಕ್ಕೇ ದಿನಾ ಮಧ್ಯಾಹ್ನ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಕತ್ತಿಗೆ ಮಫ್ಲರ್ ಸುತ್ತಿಕೊಂಡು ನನ್ನ ಸೆಂಟರಿಗೆ ಬರುತ್ತಿದ್ದರು.

ನಮ್ಮಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಅಂದರೆ ಉರು ಹೊಡೆಯುವುದು. ಇಪ್ಪತ್ತು ಪ್ರೋಗ್ರಾಮು ಇರುತ್ತವೆ, ಚೀಟಿ ಎತ್ತಬೇಕು, ಬಂದದ್ದನ್ನು ಟೈಪು ಮಾಡಿ ಓಡಿಸಿ ತೋರಿಸಬೇಕು. ಎಲ್ಲರ ಕೈಲೂ ಉರು ಹೊಡೆಸಿ ಪಾಸು ಮಾಡಿಸುವವನು ನಾನೇ. ಐನೋರದ್ದಂತೂ ಮಂತ್ರ ಕಲಿತ ನಾಲಿಗೆ, ಒಂದು ಚುಕ್ಕಿ ಬಿಡದೆ ಒಪ್ಪಿಸುತ್ತಿದ್ದರು. ಒಂದು ದಿನ ಮಾತ್ರ ಪಿಸುದನಿಯಲ್ಲಿ, ‘ಮೇಷ್ಟ್ರೆ, ಪ್ರೋಗ್ರಾಮಲ್ಲಿ ಹೆಸರಿನ ಮುಂದೆ ಈ ಸೆಲ್ಫ್ ಅನ್ನೋದನ್ನ ಪ್ರತಿ ಸಲ ಯಾಕೆ ಹಾಕಬೇಕು?’ ಅಂತ ಕೇಳಿದರು.

‘ಅದು ಅಂಗೇ ಕಣ್ ಸ್ವಾಮಿ! ಸುಮ್ನೆ ಬರ್ಕೊಳಿ’ ಅಂತ ರೇಗಿಬಿಟ್ಟೆ. ರೇಗಿದ್ದು ಯಾಕೆ ಗೊತ್ತಾ? ನನಗೂ ಅದು ಸರಿಯಾಗಿ ಗೊತ್ತಿರಲಿಲ್ಲ.

ಪರೀಕ್ಷೆಗೆ ಮೈಸೂರಿಂದ ಎಕ್ಸಾಮಿನರ್ ಬಂದರು. ನಾನು ರೂಮಿನಲ್ಲಿ ಇರಬಹುದು, ಬಾಯಿ ಬಿಡುವ ಹಾಗಿಲ್ಲ. ಪ್ರೋಗ್ರಾಮು ಓಡಿದರೆ ಪಾಸು, ಓಡದಿದ್ದರೆ ಆರು ತಿಂಗಳು ಬಿಟ್ಟು ಬರಬೇಕು. ಗುಡಿಯವರು ಆರು ತಿಂಗಳು ಆ ಕುರ್ಚಿ ಖಾಲಿ ಇಟ್ಟುಕೊಂಡು ಕಾಯುತ್ತಾರಾ? ಎಲ್ಲಾದರೂ ಉಂಟಾ!

ಐನೋರ ಚೀಟಿಗೆ ಬಂದದ್ದು ವಿದ್ಯಾರ್ಥಿಯ ಅಂಕದ ಕ್ಲಾಸು, ಅಂದರೆ ಒಬ್ಬ ವಿದ್ಯಾರ್ಥಿಯ ಲೆಕ್ಕವನ್ನೆಲ್ಲ ಒಂದೇ ಗಂಟು ಕಟ್ಟಿಡುವ ಪ್ರೋಗ್ರಾಮು. ಅದರೊಳಗೆ ಎರಡು ಮೆಥಡ್‌ಗಳು. ಒಂದು, ಅಂಕಗಳನ್ನು ಕೂಡುವ ಟೋಟಲ್. ಇನ್ನೊಂದು, ಆ ಟೋಟಲ್ಲನ್ನು ಕರೆದು ಫಲಿತಾಂಶ ತೋರಿಸುವುದು. ಮಳೆ ಹುಯ್ದ ಹಾಗೆ ಟೈಪು ಮಾಡಿ ಓಡಿಸಿದರು. ಪರದೆ ತುಂಬ ಕೆಂಪಕ್ಷರ. ಕೊನೇ ಸಾಲಿನಲ್ಲಿ ನೇಮ್ ಎರರ್: ಟೋಟಲ್ ಅನ್ನುವ ಹೆಸರೇ ಇಲ್ಲ ಅನ್ನುತ್ತಿದೆ. ಅಯ್ಯೋ ನಿನ್ನ, ನಾಲ್ಕು ಸಾಲು ಮೇಲೆ ಅದೇ ಟೋಟಲ್ ಕಣ್ಣಿಗೆ ಹೊಡೆಯುವ ಹಾಗೆ ಕೂತಿದೆಯಲ್ಲ!

ಹಿಂದೆ ನಿಂತಿದ್ದ ನನಗೆ ತಪ್ಪು ಕಂಡುಬಿಟ್ಟಿತು. ಟೋಟಲ್ಲನ್ನು ಕರೆಯುವಾಗ ಅದರ ಮುಂದೆ ಸೆಲ್ಫ್ ಬಿಟ್ಟುಹೋಗಿದೆ. ಹೇಳುವ ಹಾಗಿಲ್ಲ. ಬಾಯೊಳಗೆ ನಾಲಿಗೆ ತುರಿಸುತ್ತಿತ್ತು. ಪಕ್ಕದಲ್ಲಿದ್ದ ಕೆ.ಆರ್.ಪೇಟೆಯ ಹೆಣ್ಣುಮಗಳು ಇಂಥದ್ದೇ ಎರರ್ ನೋಡಿ ಗಾಬರಿಯಾಗಿ, ಹತ್ತು ಅಂಕ ಕಳೆದುಕೊಂಡು ಬೇರೆ ಚೀಟಿ ಎತ್ತಿದಳು. ಐನೋರು ಎತ್ತಲಿಲ್ಲ.

ಮೊದಲು ಸ್ಪೆಲಿಂಗ್ ನೋಡಿದರು, ಸರಿಯಿತ್ತು. ಎಷ್ಟನೇ ಸಾಲು ಅಂತ ಪರದೆಯಲ್ಲೇ ಓದಿಕೊಂಡು, ಆ ಸಾಲಿಗೆ ಬೆರಳಿಟ್ಟು ಕೂತರು. ಆಮೇಲೆ ಕಣ್ಣು ಮುಚ್ಚಿದರು, ತುಟಿ ಅಲ್ಲಾಡುತ್ತಿದೆ. ಮುಗೀತು ಕತೆ, ಉರು ಹೊಡೆದದ್ದು ಮರೆತುಹೋಗಿದೆ, ಮೊದಲಿಂದ ಒಪ್ಪಿಸುತ್ತಿದ್ದಾರೆ ಅಂದುಕೊಂಡೆ. ಇದ್ದಕ್ಕಿದ್ದ ಹಾಗೆ ಕಣ್ಣು ಬಿಟ್ಟು, ಟೋಟಲ್ ಮುಂದೆ ನಾಲ್ಕು ಅಕ್ಷರ, ಒಂದು ಚುಕ್ಕಿ ಸೇರಿಸಿ ಓಡಿಸಿದರು. ಫಲಿತಾಂಶ ಬಂತು. ನನಗೇ ಕುಣಿಯುವಂತಾಯಿತು.

ಎಕ್ಸಾಮಿನರ್ ಬಿಡುವ ಆಸಾಮಿಯಲ್ಲ. ‘ಉರು ಹೊಡೆದಿದ್ದು ನೆನಪಾಯ್ತೋ, ಅರ್ಥ ಆಯ್ತೋ? ಅದನ್ನ ಯಾಕೆ ಹಾಕಿದ್ರಿ?’ ಅಂದರು.

ಐನೋರು ಮಫ್ಲರ್ ಸಡಿಲಿಸಿದರು. ಒಂದೊಂದು ಮಾತಿಗೂ ಕತ್ತಿನ ನರ ಎದ್ದು ಕಾಣುತ್ತಿತ್ತು. ‘ಅರ್ಚನೆಗೆ ಬಂದವರು ಬರೀ ಹೆಸರು ಹೇಳಿದರೆ ನಾವು ಬಿಡೋದಿಲ್ಲ ಸಾರ್. ಗೋತ್ರ ಯಾವುದು, ನಕ್ಷತ್ರ ಯಾವುದು ಅಂತ ಕೇಳ್ತೀವಿ. ಒಂದೇ ಹೆಸರಿನವರು ಸಾಲಿನಲ್ಲಿ ಹತ್ತು ಜನ ಇರ್ತಾರೆ, ಪೂಜೆ ಯಾರಿಗೆ ಸೇರಬೇಕು? ನಾನು ಟೋಟಲ್ ಅಂತ ಬರೀ ಹೆಸರು ಹಿಡಿದು ಕರೆದೆ. ಈ ಕಂಪ್ಯೂಟರು ಹೊರಗೆಲ್ಲ ಹುಡುಕ್ತು, ಸಿಗಲಿಲ್ಲ. ಟೋಟಲ್ ಇರೋದು ಈ ವಿದ್ಯಾರ್ಥಿ ಒಳಗೆ. ಸೆಲ್ಫ್ ಅಂದ್ರೆ ಈ ವಿದ್ಯಾರ್ಥಿ. ಇವನ ಟೋಟಲ್ ಅಂತ ಕರೆದೆ, ಬಂತು.’

ಎಷ್ಟೋ ವರ್ಷ ಪಾಠ ಮಾಡಿದ ನನಗೆ ಅದು ಅರ್ಥವಾದದ್ದು ಆವತ್ತು, ಆ ಒಡೆದ ದನಿಯಿಂದ. ಎಂಥಾ ಮನುಷ್ಯ! ನಾನು ಗದರಿ ಕಳಿಸಿದ ಪ್ರಶ್ನೆಯನ್ನು ಬಿಡದೆ ಇಟ್ಟುಕೊಂಡು, ತನ್ನ ಕಸುಬಿನಲ್ಲೇ ಉತ್ತರ ಹುಡುಕಿಕೊಂಡಿದ್ದರು. ಎಕ್ಸಾಮಿನರ್ ಪೂರ್ತಿ ಅಂಕ ಹಾಕಿ ನನ್ನ ಕೈ ಕುಲುಕಿದರು. ‘ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೀರಿ!’ ಅಂದರು. ಐನೋರು ನನ್ನ ಕಡೆ ನೋಡಿ, ಹೌದು ಹೌದು ಅಂತ ತಲೆ ಆಡಿಸಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಕಮಕ್ ಕಿಮಕ್ ಅನ್ನಲಿಲ್ಲ.

ಹೊರಗೆ ಬಂದು ಅವರು ಹೆಂಡತಿಗೆ ಫೋನ್ ಮಾಡಿದರು. ಆ ಕಡೆಯಿಂದ ‘ಹಲೋ, ಹಲೋ’ ಅನ್ನುತ್ತಿದ್ದಾರೆ, ಇವರ ಬಾಯಿಂದ ಬರೀ ಗಾಳಿ. ಇದ್ದಬದ್ದ ದನಿಯೆಲ್ಲ ಒಳಗೇ ಖರ್ಚಾಗಿತ್ತು. ಫೋನನ್ನು ನನ್ನ ಕೈಗೆ ಕೊಟ್ಟರು.

‘ನಾನು ಮೇಷ್ಟ್ರು ಕಣಮ್ಮಾ, ಪಾಸಾಗ್ಬುಟ್ರು!’ ಅಂತ ಕೂಗಿದೆ.

ಅದಕ್ಕೆ ಆಯಮ್ಮ ಕೇಳಿದ್ದು ಇಷ್ಟೇ: ‘ಅವರ ಕೈಲಿ ಜಾಸ್ತಿ ಮಾತಾಡಿಸಿಬಿಟ್ರಾ?’

‘ಊಂ ಕಣಮ್ಮ’ ಅಂದೆ. ‘ನಾನು ಏಳ್ಕೊಡಬೇಕಾಗಿದ್ದನ್ನ ಅವರೇ ಏಳಬೇಕಾಯ್ತು.’