ಕಾಯಿ ಬಿಡದ ಸಮುದ್ರದಿಂದ ಬಂದ ಸಿಗಡಿ

1988ರ ಗಣೇಶ ಚೌತಿ ಕಳೆದು ಹದಿನೈದು ದಿನಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಕಾರವಾರದ ಬೈತಖೋಲ ಬಂದರಿನ ಸಿಗಡಿ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಸಿಗಡಿಯ ಗಾತ್ರ ನೋಡಿ ವಿಂಗಡಿಸಿದವಳು ನಾನು. ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುವ ಗಂಡಸರು ಎರಡು ವರ್ಷಕ್ಕೆ ಕಾಯಂ ಆಗುತ್ತಿದ್ದರು. ಹೆಂಗಸರು ಮಾತ್ರ ಎಂದೆಂದಿಗೂ ತಾತ್ಕಾಲಿಕ. ಯಾಕೆಂದು ಕೇಳಿದ್ದಕ್ಕೆ ಮ್ಯಾನೇಜರ್ ಸಾಹೇಬರು, ಹೆರುವವರನ್ನು ನಂಬಿ ಕಂಪನಿ ನಡೆಸಲಾಗುವುದಿಲ್ಲ ಎಂದರು. ಅವರನ್ನು ಹೆತ್ತ ತಾಯಿಯ ಬಗ್ಗೆ ನನಗೆ ಮರುಕ ಹುಟ್ಟಿತು. ಸೆಪ್ಟೆಂಬರ್ ಮೊದಲ ವಾರದಲ್ಲೇ ಕಾರವಾರದ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಿದ್ದೆ.

ಕೆಲಸದಿಂದ ತೆಗೆದ ಕಾಗದದಲ್ಲಿ ಆ ದೂರಿನ ಸುದ್ದಿಯೇ ಇಲ್ಲ. ಆಗಸ್ಟ್ 18ರಂದು ಟ್ರಾಲರಿನಿಂದ ಆಗಷ್ಟೇ ಇಳಿದ ತಾಜಾ ಸಿಗಡಿಯನ್ನು ನಾನು ಹಾಳು ಮಾಡಿದೆನಂತೆ, ಅಂದೇ ನನಗೆ ಮೆಮೊ ಕೊಟ್ಟರಂತೆ. ಆ ಮೆಮೊವನ್ನು ನಾನು ಅದುವರೆಗೆ ಕಣ್ಣಿಂದ ಕಂಡವಳಲ್ಲ. ಮೆಮೊ ಮೊದಲು, ದೂರು ಆಮೇಲೆ, ಹಾಗಾಗಿ ಸೇಡಿನ ಮಾತೇ ಇಲ್ಲ, ಇವಳೇ ತನ್ನ ತಪ್ಪು ಮುಚ್ಚಿಕೊಳ್ಳಲು ದೂರು ಕೊಟ್ಟಿದ್ದಾಳೆ ಎಂಬುದು ಅವರ ವಾದ. ಸಾಕ್ಷಿಗೆ ನಮ್ಮ ಸೂಪರ್‌ವೈಸರನ ಸಹಿ. ಸಿಗಡಿಯ ತಲೆ ಯಾವುದು ಬಾಲ ಯಾವುದು ಎಂದು ಅವನಿಗೆ ಕಲಿಸಿದ್ದೇ ನಾನು. ಒಂದು ಕಪ್ ಚಹಾಕ್ಕೆ ತನ್ನ ಮರಣಶಾಸನಕ್ಕೂ ಸಹಿ ಹಾಕುವ ಮನುಷ್ಯ ಅವನು.

ಮೆಮೊ ಸುಳ್ಳೆಂದು ಮುಂದಿನ ವಿಚಾರಣೆಯೊಳಗೆ ತೋರಿಸದಿದ್ದರೆ ತನ್ನಿಂದ ಏನೂ ಆಗದು ಎಂದು ಅಧಿಕಾರಿ ಹೇಳಿದರು. ಅತ್ತ ಸಾಹೇಬರು ಬಹಳ ದೊಡ್ಡ ಮನಸ್ಸು ಮಾಡಿ, ದೂರು ಹಿಂದೆ ಪಡೆದು ಮಾಫಿ ಬರೆದುಕೊಟ್ಟರೆ ಮತ್ತೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತೇನೆಂದು ಹೇಳಿ ಕಳಿಸಿದರು. ಮನೆಯಲ್ಲಿ ಗಂಡ ಪಾರ್ಶ್ವವಾಯು ಬಡಿದು ಮಲಗಿದ್ದರು, ಅನ್ನ ನನ್ನ ಕೈಯಿಂದಲೇ ಬೇಯಬೇಕು. ದೂರಿಗೆ ನನ್ನ ಜೊತೆ ಹೆಬ್ಬೆಟ್ಟು ಒತ್ತಿದ ಗೆಳತಿಯರು ಈಗ ಅಂಕೋಲಾ ಬಸ್ಸಿನಲ್ಲಿ ನನ್ನನ್ನು ಕಂಡರೆ ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದು ಏನಿತ್ತೋ. ನಾನೂ ಸೋತೆ. ಮಾಫಿ ಬರೆದುಕೊಡಲೇ ಎಂದು ಅಮ್ಮನವರನ್ನು ಕೇಳಲು ಹಾರವಾಡದ ನಮ್ಮ ಗುಡಿಗೆ ಹೋದೆ.

ನಮ್ಮಲ್ಲಿ ಪ್ರಸಾದ ಕೇಳುವುದೆಂದರೆ ನಿಮಗೆ ಗೊತ್ತೇ ಇದೆ. ದೇವಿಯ ಮೈಯ ಎರಡೂ ಬದಿಗೆ ನೀರಲ್ಲಿ ನೆನೆಸಿದ ಹೂವಿನ ಎಸಳು ಅಂಟಿಸುತ್ತಾರೆ. ಬಲದ್ದು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಅಂದು ಎರಡೂ ಬೀಳಲಿಲ್ಲ. ಮೊಣಕಾಲು ನೋಯುವವರೆಗೆ ಕೂತೆ. ನೀನೂ ಕಂಪನಿಯ ಪರವೇ ಎಂದು ಅಮ್ಮನವರಿಗೇ ಸಿಟ್ಟಿನಲ್ಲಿ ಅಂದುಬಿಟ್ಟೆ. ತಪ್ಪಾಯಿತು, ಆದರೆ ಅಂದದ್ದು ನಿಜ.

ಗುಡಿಯ ಪೂಜೆ ಮಾಡುವ ಗುನಗರು ನಕ್ಕರು. "ತಂಗೀ, ಅರ್ಧ ವಿಷ್ಯ ಹೇಳಿ ಪ್ರಸಾದ ಕೇಳಿರೆ ಅಮ್ಮ ಎಂತಾ ಹೇಳ್ತಳೆ? ಆ ಕಾಗದ ಪೂರಾ ಓದು" ಎಂದರು.

ಅಧಿಕಾರಿ ಕೊಟ್ಟು ನನ್ನ ಕೈಯಲ್ಲಿದ್ದ ಮೆಮೊದ ನಕಲನ್ನು ದೇವಿಯೆದುರು ಗಟ್ಟಿಯಾಗಿ ಓದಿದೆ. ತಾರೀಖು ಬಂದಾಗ ಗುನಗರು ಕೈ ಎತ್ತಿ ತಡೆದರು, ಗೋಡೆಯ ಪಂಚಾಂಗ ಇಳಿಸಿದರು.

"ಹದ್ನೆಂಟಕ್ಕೆ ಯಾವ ಟ್ರಾಲರ್ ಹೋಗಿತ್ತೆ? ಈ ವರ್ಷ ಅಧಿಕ ಮಾಸ ಬಂದು ನೂಲ ಹುಣ್ಣಿಮೆ ಇಪ್ಪತ್ತೇಳಕ್ಕೆ ಬಂತಲ್ದ? ಸಮುದ್ರಕ್ಕೆ ಕಾಯಿ ಬಿಡೂಕೆ ಮುಂಚೆ ದೋಣಿ ಇಳಿಸೋ ಗಂಡಸು ಈ ಕರಾವಳಿಲಿ ಯಾರಿದ್ದಾನೆ?"

ಆಗ ಹೂ ಬಿತ್ತು. ಎಡದ್ದು, ಮಾಫಿ ಬೇಡವೆಂದು. ಗಾಳಿಗೆ ಬಿತ್ತು ಎನ್ನುವವರು ಎನ್ನಲಿ, ಅಂಥವರಿಗಾಗಿ ನಾನು ಇದನ್ನು ಬರೆಯುತ್ತಿಲ್ಲ.

ಸರಕಾರಿ ಲೆಕ್ಕದಲ್ಲಿ ಮಳೆಗಾಲದ ನಿಷೇಧ ಆಗಸ್ಟ್ ನಡುವೆ ಮುಗಿದಿತ್ತು. ಆದರೆ ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವವರೆಗೆ ನಮ್ಮವರು ಕಡಲಿಗೆ ಇಳಿಯುವುದಿಲ್ಲ. ಆ ಹತ್ತು ದಿನ ನಾವು ಶೆಡ್ ತೊಳೆದು, ಹಳೇ ದಾಸ್ತಾನು ಸುಲಿದೆವು. ಸಾಹೇಬರು ಕೂರುವುದು ಪೇಟೆಯ ಆಫೀಸಿನಲ್ಲಿ, ಮೀನಿನ ವಾಸನೆ ಅವರಿಗೆ ಆಗದು. ಆರು ವರ್ಷ ಮೀನಿನ ದುಡ್ಡು ತಿಂದವರಿಗೆ ದೋಣಿ ಯಾವಾಗ ಹೊರಡುತ್ತದೆ ಎಂಬುದೇ ತಿಳಿಯದು. ಅವರನ್ನು ಬೈದು ಏನು, ಸಮುದ್ರದ ದಂಡೆಯಲ್ಲಿ ಹುಟ್ಟಿದ ನನಗೂ ಹೊಳೆದಿರಲಿಲ್ಲ.

ಬೋಟ್ ಮಾಲಕರ ಸಂಘದವರು ಪತ್ರ ಬರೆದುಕೊಟ್ಟರು. ಬಂದರಿನ ದಾಖಲೆಯಲ್ಲೂ ಆ ದಿನ ಒಂದು ಟ್ರಾಲರೂ ಇಲ್ಲ. ವಿಚಾರಣೆಯಲ್ಲಿ ಅಧಿಕಾರಿ ಅವೆರಡನ್ನೂ ಮುಂದಿಟ್ಟು, ಸಿಗಡಿ ಯಾವ ಬೋಟಿನದೆಂದು ಕೇಳಿದರು. ಸಾಹೇಬರು ಸೂಪರ್‌ವೈಸರನ ಮುಖ ನೋಡಿದರು. ಅವನು ನೆಲ ನೋಡಿದ.

"ನಂಗೇನ್ ಗೊತ್ತಿಲ್ಲ ಸಾಹೇಬ್ರೇ. ಚೌತಿ ಆದ್ಮೇಲೆ ಕರ್ದು ಸಹಿ ಮಾಡು ಅಂದ್ರು, ಮಾಡ್ದೆ" ಎಂದು ಅಧಿಕಾರಿಗೆ ಹೇಳಿದ.

ಚಹಾದ ಋಣವೂ ಅಷ್ಟೇ ದಿನ ಬಾಳಿತು. ದೂರಿನ ಸೇಡಿಗೇ ನನ್ನನ್ನು ತೆಗೆದದ್ದೆಂದು ಅಧಿಕಾರಿ ಬರೆದರು. ದೀಪಾವಳಿ ಕಳೆದ ಮೇಲೆ ನಾನು ಕೆಲಸಕ್ಕೆ ಮರಳಿದೆ, ಮರುವರ್ಷ ಆ ಮೊದಲ ದೂರಿನ ಮೇಲೇ ಆದೇಶವಾಗಿ ನಾವು ಹೆಂಗಸರೆಲ್ಲ ಕಾಯಂ ಆದೆವು, ಕಿಟಕಿಯಾಚೆ ನೋಡಿದವರೂ ಸೇರಿ. ಆದೇಶದ ಕಾಗದವನ್ನು ಅಮ್ಮನವರೆದುರು ಮೊದಲಿಂದ ಕೊನೆವರೆಗೆ ಓದಿದೆ, ಅಂದು ಅಂದ ಮಾತಿಗೆ ಮೂಗು ನೆಲಕ್ಕೆ ತಾಗಿಸಿ ಕ್ಷಮೆ ಕೇಳಿದೆ. ಮಾಫಿ ಬರೆದುಕೊಡಬೇಕಾದದ್ದು ಅವಳೊಬ್ಬಳಿಗೇ ಎಂದು ಅಂದಿನಿಂದ ನಂಬಿದ್ದೇನೆ.

ಈಗ ಪ್ರತಿ ಮಳೆಗಾಲ ಸಾಹೇಬರು ಸಿಪಾಯಿಯನ್ನು ನನ್ನ ಹತ್ತಿರ ಕಳಿಸುತ್ತಾರೆ, ಈ ಸಲ ನೂಲ ಹುಣ್ಣಿಮೆ ಯಾವಾಗ ಎಂದು ಕೇಳಿಕೊಂಡು ಬರಲು. ನಾನು ತಾರೀಖು ಹೇಳುವುದಿಲ್ಲ. ಹಾರವಾಡಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಅಮ್ಮನವರನ್ನೇ ಕೇಳಲಿ ಎನ್ನುತ್ತೇನೆ.