ಸುಡುತ್ತದೆ ಎನ್ನದ ಮನುಷ್ಯ

ಇವರ ಕುತ್ತಿಗೆಯ ಗಂಟು ಗೊತ್ತಾದದ್ದು ಬೆಳಗ್ಗೆ ಗೋಪಿಚಂದನದ ಮುದ್ರೆ ಒತ್ತಿಕೊಳ್ಳುವಾಗ. ಎಡಬದಿಯಲ್ಲಿ ಮುದ್ರೆ ಸರಿಯಾಗಿ ಕೂರಲಿಲ್ಲ, ಜಾರಿತು. ಮರುದಿನವೂ ಜಾರಿತು. ಮೂರು ವಾರ ನನಗೆ ಹೇಳಲಿಲ್ಲ. ಇನ್ನಂಜೆಯ ದೇವಸ್ಥಾನದಲ್ಲಿ ಪೂಜೆ ಮಾಡುವ ನನ್ನ ಗಂಡ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಪೈಕಿಯವರಲ್ಲ.

ಮಣಿಪಾಲದಲ್ಲಿ ಬಯಾಪ್ಸಿ ಮಾಡಿದರು.

ಕ್ಯಾನ್ಸರ್.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳದೆ ಹತ್ತುವವಳಲ್ಲ. ಅಂಥವಳ ಮುಂದೆ ಡಾಕ್ಟರು ಒಂದು ಕಾಗದ ಇಟ್ಟರು. ವಾರಕ್ಕೆ ಐದು ದಿನ ರೇಡಿಯೇಶನ್. ಅದರಲ್ಲಿ ಎರಡು ದಿನ, ರೇಡಿಯೇಶನ್ ಮುಗಿದ ಕೂಡಲೇ, ಗಂಟಿಗೆ ಅಲ್ಟ್ರಾಸೌಂಡ್.

"ಅಲ್ಟ್ರಾಸೌಂಡ್ ಅಂದ್ರೆ ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಅಲ್ವಾ? ಅದು ಕ್ಯಾನ್ಸರನ್ನು ಎಂತ ಮಾಡ್ತದೆ?" ಎಂದೆ.

"ಇದು ನೋಡ್ಲಿಕ್ಕೆ ಅಲ್ಲ, ಬಿಸಿ ಮಾಡ್ಲಿಕ್ಕೆ. ಶಬ್ದದ ಅಲೆಯನ್ನು ಜೋರಾಗಿ ಬಿಟ್ರೆ ಗಂಟು ಜ್ವರಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಾಗ್ತದೆ. ರೇಡಿಯೇಶನ್ ಪೆಟ್ಟು ಬಿದ್ದ ಕ್ಯಾನ್ಸರ್ ಕಣಗಳಿಗೆ ಆ ಬಿಸಿಯಲ್ಲಿ ಸುಧಾರಿಸ್ಕೊಳ್ಳಿಕ್ಕೆ ಕಷ್ಟ."

"ಎಷ್ಟು ಜನರಿಗೆ ಮಾಡಿದ್ದೀರಿ?"

"ನಮ್ಮಲ್ಲಿ ಇನ್ನೂ ಕಡಿಮೆ. ಎಲ್ಲರಿಗೂ ಗುಣ ಆಗ್ತದೆ ಅಂತ ನಾನು ಹೇಳುವುದಿಲ್ಲ."

ಭರವಸೆ ಕೊಟ್ಟಿದ್ದರೆ ಅನುಮಾನ ಪಡುತ್ತಿದ್ದೆ. ಕೊಡದೆ ಇದ್ದದ್ದಕ್ಕೆ ಇನ್ನಷ್ಟು ಅನುಮಾನವಾಯಿತು. ಪೆರ್ಡೂರಿನಿಂದ ಬಂದ ನಾದಿನಿ ಅದಕ್ಕೆ ತುಪ್ಪ ಸುರಿದಳು. "ಹೊಸ ಮಿಶನ್ ತಂದಿರ್ತಾರೆ ಮಾರಾಯ್ತಿ. ಪ್ರಯೋಗ ಮಾಡ್ಲಿಕ್ಕೆ ನಮ್ಮಣ್ಣನೇ ಬೇಕಿತ್ತಾ?" ಒಪ್ಪಿಗೆ ಪತ್ರಕ್ಕೆ ಇವರು ಓದದೆ ಸಹಿ ಹಾಕಿದರು. ನಾನು ಮೂರು ಸಲ ಓದಿ ಸಾಕ್ಷಿಯ ಜಾಗದಲ್ಲಿ ಹಾಕಿದೆ.

ರೇಡಿಯೇಶನ್ ಕೊಡುವ ಜಾಗದ ಗುರುತಿಗೆ ಕುತ್ತಿಗೆಯ ಮೇಲೆ ನೇರಳೆ ಬಣ್ಣದ ಗೆರೆ ಎಳೆದರು. ಇನ್ನು ಅಲ್ಲಿ ಗೋಪಿಚಂದನ ಹಚ್ಚುವಂತಿಲ್ಲ. ಇವರು ಬೇಸರಪಟ್ಟದ್ದು ಅದೊಂದಕ್ಕೇ.

ಮೊದಲನೆಯ ಅಲ್ಟ್ರಾಸೌಂಡ್ ಸುಸೂತ್ರವಾಗಿ ಮುಗಿಯಿತು. ಎರಡನೆಯದು ಮುಗಿಸಿ ಹೊರಬಂದಾಗ ಕಿವಿಯ ಕೆಳಗೆ ಎಂಟಾಣೆಯಷ್ಟು ಅಗಲದ ಗುಳ್ಳೆ ಎದ್ದಿತ್ತು.

ಸುಟ್ಟಿದ್ದರು.

ನಾನು ಸೀದಾ ಡಾಕ್ಟರ ಕೋಣೆಗೆ ನುಗ್ಗಿದೆ. ಏನೇನು ಹೇಳಿದೆನೋ ಈಗ ನೆನಪಿಲ್ಲ, ನೆನಪಾಗದಿದ್ದರೇ ಒಳ್ಳೆಯದು. ಅವರು ಸಿಟ್ಟಾಗದೆ ಟೆಕ್ನಿಶಿಯನ್ ಹುಡುಗಿಯನ್ನು ಕರೆದರು. ಆಕೆ ಬರೆದಿಟ್ಟ ಹಾಳೆ ತಂದಳು.

"ಐದೈದು ನಿಮಿಷಕ್ಕೆ ಕೇಳಿದ್ದೇನೆ ಅಮ್ಮ. ಸುಡ್ತದಾ ಅಂದ್ರೆ ಪ್ರತಿ ಸಲವೂ ಏನೂ ಇಲ್ಲ ಅಂದ್ರು."

ಗಂಟಿನೊಳಗಿನ ಬಿಸಿಯನ್ನು ಅಲ್ಲಿಗೆ ಚುಚ್ಚಿಟ್ಟ ಸಣ್ಣ ತಂತಿ ಅಳೆಯುತ್ತದಂತೆ. ಚರ್ಮ ಎಲ್ಲಿ ಸುಡುತ್ತಿದೆ ಎಂಬುದನ್ನು ರೋಗಿಯೇ ಹೇಳಬೇಕು. ನಾನು ಇವರ ಕಡೆ ತಿರುಗಿದೆ. ಇವರು ನೆಲ ನೋಡುತ್ತಿದ್ದರು.

"ಮಠದಲ್ಲಿ ತಪ್ತಮುದ್ರೆ ಹಾಕುವಾಗ ಯಾರಾದ್ರೂ ಸುಡ್ತದೆ ಅಂತ ಹೇಳ್ತಾರಾ?" ಎಂದರು.

ಆಷಾಢದ ಏಕಾದಶಿಯಂದು ಸ್ವಾಮಿಗಳು ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖಚಕ್ರದ ಮುದ್ರೆಯನ್ನು ತೋಳಿಗೆ ಒತ್ತುತ್ತಾರೆ. ಇವರು ಚಿಕ್ಕಂದಿನಿಂದ ಆ ಸಾಲಿನಲ್ಲಿ ನಿಂತವರು. ತೋಳು ಹಿಂದಕ್ಕೆಳೆದರೆ ಮನೆಯಲ್ಲಿ ವರ್ಷವಿಡೀ ತಮಾಷೆ. ಆಸ್ಪತ್ರೆಯ ಹಾಸಿಗೆಯಲ್ಲೂ ಇವರು ಅದೇ ನೇಮ ಪಾಲಿಸಿದ್ದರು. ಯಂತ್ರವನ್ನು, ಡಾಕ್ಟರನ್ನು, ಕಾಗದದ ಸಣ್ಣ ಅಕ್ಷರಗಳನ್ನು ದಿನವೂ ಸಂಶಯಿಸಿದ ನನಗೆ, ಜೊತೆಯಲ್ಲೇ ಬಸ್ಸಿನಲ್ಲಿ ಬಂದು ಹೋಗುವ ಈ ಮನುಷ್ಯನನ್ನೂ ಸ್ವಲ್ಪ ಸಂಶಯಿಸಬೇಕೆಂದು ಹೊಳೆದೇ ಇರಲಿಲ್ಲ.

"ಗಾಯ ಮಾಗುವವರೆಗೆ ಬಿಸಿ ಕೊಡುವುದಿಲ್ಲ," ಎಂದರು ಡಾಕ್ಟರು. "ಹೆಚ್ಚಾದ್ರೆ ರೇಡಿಯೇಶನ್ ಕೂಡ ನಿಲ್ಲಿಸ್ಬೇಕಾಗ್ತದೆ. ನಡುವೆ ನಿಲ್ಲಿಸಿದ್ರೆ ಕ್ಯಾನ್ಸರಿಗೇ ಲಾಭ."

ಹತ್ತು ದಿನ ಆ ಗುಳ್ಳೆಯನ್ನು ನೋಡುವುದೇ ನನ್ನ ಕೆಲಸವಾಯಿತು. ಅದು ಹೆಚ್ಚಾಗಲಿಲ್ಲ, ಮಾಗಿತು. ಹನ್ನೊಂದನೆಯ ದಿನ ಮತ್ತೆ ಬಿಸಿ ಕೊಡುವುದಿತ್ತು; ಉಡುಪಿಯಲ್ಲಿ ಬಸ್ಸು ಬದಲಿಸುವಾಗ, ಜನರ ನಡುವೆಯೇ ಹೇಳಿಬಿಟ್ಟೆ.

"ಮಠದಲ್ಲಿ ಸಹಿಸಿದ್ರೆ ನಿಮಗೆ ಪುಣ್ಯ. ಆಸ್ಪತ್ರೆಯಲ್ಲಿ ಸಹಿಸಿದ್ರೆ ನಾನು ವಿಧವೆ."

ಆ ಶಬ್ದವನ್ನು ನಾನು ಅದುವರೆಗೆ ಬಾಯಿಗೆ ತಂದವಳಲ್ಲ.

ಆ ದಿನ ನನ್ನನ್ನೂ ಒಳಗೆ ಕೂರಲು ಬಿಟ್ಟರು. ಜೆಲ್ ಹಚ್ಚಿ ಯಂತ್ರ ಇಟ್ಟರು. ಮೊದಲ ಸಲ ಕೇಳಿದಾಗ ಇವರು ಏನೂ ಇಲ್ಲ ಎಂದರು. ಎರಡನೆಯ ಸಲವೂ ಅದೇ. ಆದರೆ ಕಾಲ್ಬೆರಳುಗಳು ಮಡಚಿಕೊಂಡದ್ದನ್ನು ನಾನು ಕಂಡೆ. ಎದ್ದು ನಿಂತೆ. ಇವರು ನನ್ನನ್ನೇ ನೋಡಿದರು, ಕಣ್ಣು ಮುಚ್ಚಿದರು.

"ಸುಡ್ತಾ ಉಂಟು."

ಟೆಕ್ನಿಶಿಯನ್ ಆ ಕ್ಷಣವೇ ನಿಲ್ಲಿಸಿದಳು. ಯಂತ್ರವನ್ನು ಸ್ವಲ್ಪ ಸರಿಸಿ ಮತ್ತೆ ಶುರುಮಾಡಿದಳು. ಅಷ್ಟೇ. ಆ ದಿನ ಇವರು ನಾಲ್ಕು ಸಲ ಹೇಳಿದರು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಚಿಕಿತ್ಸೆ ಮುಗಿದು ಈಗ ಎಂಟು ತಿಂಗಳಾಯಿತು. ಗಂಟು ಕೈಗೆ ಸಿಗುವುದಿಲ್ಲ. ಕರಗಿಸಿದ್ದು ಅಲ್ಟ್ರಾಸೌಂಡೋ ರೇಡಿಯೇಶನ್ನೋ ಎಂದು ಕೇಳಿದೆ. ಒಬ್ಬರನ್ನು ನೋಡಿ ಅದನ್ನು ಹೇಳ್ಲಿಕ್ಕಾಗುವುದಿಲ್ಲ ಎಂದರು ಡಾಕ್ಟರು. ಮತ್ತೆ ಬರಬಹುದೇ ಎಂದರೆ, ಬರಲೂಬಹುದು ಎಂದರು. ಅವರ ಋಣ ದೊಡ್ಡದು. ಅವರ ಇಂಥ ಉತ್ತರಗಳನ್ನು ನಾನೀಗ ನಂಬುತ್ತೇನೆ.

ಆದರೂ ದಿನಾ ಬೆಳಗ್ಗೆ ಇವರ ಕುತ್ತಿಗೆ ಒತ್ತಿ ನೋಡದೆ ಶಾಲೆಗೆ ಹೊರಡುವುದಿಲ್ಲ. ಮೊನ್ನೆ ಹಾಗೆ ಒತ್ತುವಾಗ ಇವರು ಗದರಿದರು.

"ಮೆಲ್ಲ ಮಾರಾಯ್ತಿ, ನೋಯ್ತದೆ."

ಮದುವೆಯಾಗಿ ಮೂವತ್ತೊಂದು ವರ್ಷ. ನೋಯುತ್ತದೆ ಎಂದು ಇವರು ನನಗೆ ಹೇಳಿದ್ದು ಇದೇ ಮೊದಲು.